ಅತ್ತೆ ಭಂಡಾರ ಮುಟ್ಟಿ ಕೊಟ್ಟ ಮಾತು

ಪಂಚಾಯ್ತಿ ಚುನಾವಣೆಗೆ ನಿಂತು ನಾನು ಸೋತೆ. ಮೊದಲೇ ಹೇಳಿಬಿಡುತ್ತೇನೆ, ಕೊನೆಯತನಕ ಕಾಯಿಸಿ ಹೇಳುವಂಥ ದೊಡ್ಡ ಸುದ್ದಿಯೇನಲ್ಲ ಅದು. ಸೋತವರು ಪ್ರತಿ ಊರಲ್ಲೂ ಇರುತ್ತಾರೆ. ಆದರೆ ಸ್ವಂತ ಅತ್ತೆಯೇ ಎದುರು ಪಾರ್ಟಿಗೆ ಓಟು ಹಾಕುತ್ತೇನೆಂದು ದೇವರ ಆಣೆ ಮಾಡಿ ಕೂತಿದ್ದ ಅಭ್ಯರ್ಥಿ ಮಲಪ್ರಭೆಯ ಈ ದಂಡೆಯಲ್ಲಿ ನಾನೊಬ್ಬಳೇ ಇರಬೇಕು.

ನಮ್ಮೂರು ರಾಮದುರ್ಗ ತಾಲೂಕಿನದು. ಮಾಳಿಗೆ ಹತ್ತಿದರೆ ದೂರದಲ್ಲಿ ತೊರಗಲ್ಲಿನ ಕೋಟೆ ಕಾಣುತ್ತದೆ. ನಾನು ದೊಡವಾಡದಿಂದ ಸೊಸೆಯಾಗಿ ಬಂದವಳು, ರಾಮದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ಟೇಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಮನೆಯಲ್ಲಿ ನಾನು, ಮನೆ ಕಟ್ಟುವ ಗೌಂಡಿ ಕೆಲಸದ ಗಂಡ, ಅತ್ತೆ. ತೀರಿಹೋದ ಮಾವ ಹರೆಯದಲ್ಲೇ ಬೌದ್ಧ ದೀಕ್ಷೆ ತೆಗೆದುಕೊಂಡು, ದೇವರ ಜಗುಲಿಯ ಮೇಲಿನ ಮೂರ್ತಿಗಳನ್ನೆಲ್ಲ ಗಂಟು ಕಟ್ಟಿ ಹೊಳೆಗೆ ಬಿಟ್ಟು ಬಂದವರು. ಸವದತ್ತಿಯ ಎಲ್ಲಮ್ಮನ ಮೇಲೆ ಅವರಿಗೆ ಸಿಟ್ಟಿತ್ತು, ಸಿಟ್ಟಿಗೆ ಕಾರಣವೂ ಇತ್ತು. ಅತ್ತೆಯ ಅಕ್ಕನಿಗೆ ಆ ತಾಯಿಯ ಹೆಸರಿನಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡಿ, ಲಗ್ನವಿಲ್ಲದ ಬಾಳಿಗೆ ನೂಕಿದ್ದರು. ಹಾಗಾಗಿ ನಮ್ಮ ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ನೀಲಿ ಕೋಟಿನ ಸಾಹೇಬರು, ಕೆಳಗೆ ಮಾವನ ಫೋಟೊ.

ಅತ್ತೆ ಗಂಡನಿಗೆ ಎದುರಾಡಲಿಲ್ಲ. ಒಂದು ಸಣ್ಣ ಡಬ್ಬಿಯಲ್ಲಿ ಭಂಡಾರ, ಅಂದರೆ ಎಲ್ಲಮ್ಮನ ಪ್ರಸಾದದ ಅರಿಷಿಣ ಪುಡಿ, ತುಂಬಿ ಜೋಳದ ಚೀಲದೊಳಗೆ ಬಚ್ಚಿಟ್ಟರು, ಅಷ್ಟೇ. ಬೆಳಗಾದರೆ ಬುದ್ಧನಿಗೆ ಊದಿನಕಡ್ಡಿ ಹಚ್ಚುವವರೂ ಅವರೇ, ಆಮೇಲೆ ಚೀಲದೊಳಗೆ ಕೈಯಿಟ್ಟು ಹಣೆಗೆ ಚಿಟಿಕೆ ಭಂಡಾರ ಹಚ್ಚಿಕೊಳ್ಳುವವರೂ ಅವರೇ. ಒಮ್ಮೆ ನಾನು ಕೆಣಕಿದೆ.

"ಅಕ್ಕನ ಬಾಳೇವು ಹಾಳ ಮಾಡಿದ ದೇವರನ್ನ ಯಾಕ ಇಟ್ಟುಕೊಂಡೀರಿ ಅತ್ತಿ?"

"ಮುತ್ತ ಕಟ್ಟಿದಾವ್ರು ಮನಶ್ಯಾರ ಯವಾ. ಎಲ್ಲವ್ವ ಬಂದ ಕಟ್ಟ ಅಂದಿದ್ಳನ?" ಅಂದರು. ನಾನು ಹೊಲಿಗೆ ಮುಂದುವರಿಸಿದೆ.

ಆ ಸಲ ನಮ್ಮ ಓಣಿಯ ಸೀಟು ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳಿಗೆ ಮೀಸಲಾಯಿತು. ಊರಲ್ಲಿ ಎರಡು ಪಾರ್ಟಿ, ಒಂದು ಗೌಡರದು, ಇನ್ನೊಂದು ಗೌಡರಿಗೆ ಆಗದವರದು. ಪಂಚಾಯ್ತಿ ಚುನಾವಣೆಗೆ ಪಕ್ಷದ ಗುರುತಿಲ್ಲ ಎಂದು ಸರಕಾರ ಹೇಳುತ್ತದೆ, ಆದರೆ ನಮ್ಮಲ್ಲಿ ಚಹಾದಂಗಡಿಯ ಬೆಂಚು ಕೂಡ ಪಾಲಾಗಿರುತ್ತದೆ. ಗೌಡರ ಮಗ ನಮ್ಮ ಓಣಿಯ ಹುಡುಗಿಯೊಬ್ಬಳನ್ನೇ ನಿಲ್ಲಿಸಿದ. ಒಳ್ಳೆಯ ಹುಡುಗಿ, ಅವಳ ಮದುವೆಯ ಜಂಪರು ಹೊಲಿದವಳು ನಾನೇ. ಆದರೆ ಗೌಡರ ಮನೆಯಲ್ಲಿ ಕೇಳದೆ ಅವಳು ಕೆಮ್ಮುವವಳೂ ಅಲ್ಲ. ಊರಿಗೆಲ್ಲ ಹರಿದು ಉಳಿದರೆ ನಮ್ಮ ಓಣಿಗೆ ನಳದ ನೀರು. ಇನ್ನೂ ಐದು ವರ್ಷ ಹೀಗೇ ಕೊಡ ಹಿಡಿದು ನಿಲ್ಲಬೇಕೇ ಎಂದು ನನ್ನ ತಲೆ ಕೆಟ್ಟಿತು. ಕಡೆಯ ದಿನ ಅಂಗಡಿಗೆ ಬೀಗ ಹಾಕಿ ಹೋಗಿ, ಗೌಡರಿಗೆ ಆಗದವರ ಕಡೆಯಿಂದ ಅರ್ಜಿ ಕೊಟ್ಟು ಬಂದೆ.

ಮನೆಗೆ ಬಂದು ಹೇಳಿದರೆ, ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು.

"ಅಯ್ಯ ಶಿವನ! ಮೊದಲ ಹೇಳಬಾರದನ? ನಾ ಗೌಡರ ಮನೀಗೆ ಮಾತ ಕೊಟ್ಟೇನಲ್ಲ!"

ಆಗಿದ್ದಿಷ್ಟು. ಹಿಂದಿನ ವಾರ ನಾನು ಅಂಗಡಿಯಲ್ಲಿ, ಗಂಡ ಕೆಲಸಕ್ಕೆ ಹೋಗಿದ್ದಾಗ, ಮುದುಕಿ ಗೌಡಶ್ಯಾನಿ, ಗೌಡರ ಮಗನ ತಾಯಿ, ನಮ್ಮ ಮನೆಗೆ ಬಂದಿದ್ದರು. ಗಂಡನಿಲ್ಲದವರೆಂದೂ ನೋಡದೆ ಅತ್ತೆಯ ಉಡಿಗೆ ಕಾಯಿ, ಕುಬಸದ ಬಟ್ಟೆ ಹಾಕಿ, ಹಣೆಗೆ ಭಂಡಾರ ಹಚ್ಚಿ, ಉಳಿದ ಭಂಡಾರವನ್ನೂ ಉಡಿಗೇ ಸುರಿದು, ತಮ್ಮ ಹುಡುಗಿಗೇ ಓಟು ಹಾಕುತ್ತೇನೆಂದು ಆಣೆ ಮಾಡಿಸಿಕೊಂಡು ಹೋಗಿದ್ದರು. ನಮ್ಮ ಕಡೆ ಓಟು ಕಟ್ಟಿಹಾಕುವ ಪದ್ಧತಿ ಇದು. ಭಂಡಾರ ಮುಟ್ಟಿ ಕೊಟ್ಟ ಮಾತನ್ನು ಯಾರೂ ಮುರಿಯುವುದಿಲ್ಲ.

ನನ್ನ ಗಂಡ ನಕ್ಕುಬಿಟ್ಟ. "ಅರಿಷಿಣ ಪುಡಿ ಐತಿ ಬೇ ಅದು, ಪಲ್ಲೇಕ್ಕ ಹಾಕೂದು."

"ಹಂಗಾರ ನಿಮ್ಮಪ್ಪನ ಫೋಟೊನೂ ಬರೇ ಹಾಳಿ ಏನಪಾ?" ಅಂದರು ಅತ್ತೆ.

ನಾನೂ ಸುಮ್ಮನಿರಲಿಲ್ಲ. ಹುಟ್ಟಿದಾಗಿನಿಂದ ನನ್ನ ಮೂಗಿನ ತುದಿಗೆ ಸಿಟ್ಟು. "ಸೊಸಿಗಿಂತ ಆ ಮುದುಕಿ ಹೆಚ್ಚಾದ್ಳನ ನಿಮಗ?" ಎಂದು ಕೂಗಾಡಿದೆ. ಅತ್ತೆ ಹಿಟ್ಟಿನ ಕೈ ಒರೆಸಿಕೊಂಡು ಸಮಾಧಾನದಿಂದ ಹೇಳಿದರು.

"ಹರೇದಾಗಿಂದ ಅವರ ಹೊಲದಾಗ ದುಡದೇನಿ. ನೀರ ಬೇಕಂದ್ರ ಮ್ಯಾಲಿಂದ ಬೊಗಸಿಗೆ ಹಾಕತಿದ್ರು. ಚಹಾ ಬೇಕಂದ್ರ ದನದ ಕೊಟಿಗ್ಯಾಗ ಇಟ್ಟ ಬ್ಯಾರೆ ಬಟ್ಟಲಾ. ಮೊನ್ನೆ ನಮ್ಮ ಹೊಸ್ತಲಾ ದಾಟಿ ಬಂದು, ತಮ್ಮ ಕೈಯಿಂದ ನನ್ನ ಹಣಿ ಮುಟ್ಟಿದ್ರು. ಮಾತ ಕೊಡು ಅಂದ್ರು. ನಮ್ಮವ್ವನ ಮಾತ ಯಾರರೆ ಬೇಡಿದ್ರನ? ನಮ್ಮಕ್ಕನ್ನ ಯಾರರೆ ಕೇಳಿದ್ರನ?"

"ಓಟಿನ ಸಲವಾಗಿ ಮುಟ್ಯಾರ ಅತ್ತಿ!"

"ಗೊತ್ತೈತಿ, ನಾ ಏನ ಹುಚ್ಚಿ ಅಲ್ಲ. ಅವ್ರು ಎದಕರೆ ಮುಟ್ಟಿರಲಿ, ನಾ ಕೊಟ್ಟ ಮಾತ ಮಾತ."

ನನಗೆ ಅವರ ಮೇಲೆ ಸಿಟ್ಟೂ ಬಂತು, ಅವರ ಸಲುವಾಗಿ ಅಳುವೂ ಬಂತು. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ಅಂದಿನಿಂದ ಅತ್ತೆ ಅರ್ಧ ರೊಟ್ಟಿಗೇ ಎದ್ದುಬಿಡುತ್ತಿದ್ದರು. ನಾನು ಪ್ರಚಾರಕ್ಕೆ ಹೊರಟರೆ ಬಾಗಿಲತನಕ ಬಂದು, ಸೆರಗು ಸರಿ ಮಾಡಿ, "ಬಿಸಲಾಗ ತಿರಗಬ್ಯಾಡ, ನೀರ ತೊಗೊಂಡ ಹೋಗು" ಎನ್ನುತ್ತಿದ್ದರು. ನನ್ನ ಗುರುತು ಗ್ಯಾಸ್ ಸಿಲಿಂಡರ್. ಓಣಿಯ ಹೆಂಗಸರು, "ನಿಮ್ಮ ಮನ್ಯಾಗಿನ ಸಿಲಿಂಡರ ಲೀಕ್ ಆಗೇತಂತಲ್ಲ!" ಎಂದು ಚಾಷ್ಟಿ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ, ಮನಸ್ಸಿನಲ್ಲಿ ಉರಿಯುತ್ತಿದ್ದೆ.

ಮಾತು ಬಿಡಿಸಿಕೊಳ್ಳಲು ದಾರಿಯೊಂದಿತ್ತು, ಅತ್ತೆಗೆ ಅದು ಮೊದಲಿನಿಂದಲೂ ಗೊತ್ತಿತ್ತು. ಉಡಿಗೆ ಹಾಕಿದ್ದನ್ನು ಹಾಕಿದವರ ಉಡಿಗೇ ಮರಳಿಸಬೇಕು, ಅದೂ ದೇವರ ಮುಂದೆ ನಿಂತು, ಅವರು "ಬಿಟ್ಟೇನಿ" ಅನ್ನಬೇಕು. ಆದರೆ ಗೌಡರ ದೇವರಿರುವುದು ಅವರ ನಡುಮನೆಯ ಜಗುಲಿಯ ಮೇಲೆ. ನಮ್ಮ ಓಣಿಯವರು ಆ ಮನೆಯ ಅಂಗಳದಿಂದ ಒಳಗೆ ಕಾಲಿಟ್ಟಿದ್ದೇ ಇಲ್ಲ.

ಓಟಿನ ಹಿಂದಿನ ದಿನ ಮುಂಜಾನೆ ಅತ್ತೆ ಜಳಕ ಮಾಡಿ, ಇಳಕಲ್ ಸೀರೆ ಉಟ್ಟು, ಕಾಯಿ, ಕುಬಸದ ಬಟ್ಟೆ, ಭಂಡಾರ ಎಲ್ಲವನ್ನೂ ಉಡಿಯಲ್ಲಿ ಕಟ್ಟಿಕೊಂಡು, "ನಡಿ" ಅಂದರು. ನಾನು ಹಿಂದೆ ನಡೆದೆ.

ಗೌಡರ ಮಗ ಅಂಗಳದಲ್ಲಿ ಮೊಬೈಲಿನಲ್ಲಿ ಮಾತಾಡುತ್ತಿದ್ದ. ವಿಷಯ ಕೇಳಿ, ಫೋನು ಕಿವಿಯಿಂದ ತೆಗೆಯದೆಯೇ, "ಅಲ್ಲೇ ಕಟ್ಟಿ ಮ್ಯಾಲ ಇಟ್ಟ ಹೋಗ ಆಯೀ" ಅಂದ. ನನ್ನ ಮೈಯೆಲ್ಲ ಬೆಂಕಿಯಾಯಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕೈ ಅದುಮಿದರು.

"ಕಟ್ಟಿ ಮ್ಯಾಲ ಇಡಾಕ ನಾ ಕಾಯಿಪಲ್ಲೆ ತಂದಿಲ್ರಿ ಧಣ್ಯಾರ. ಅವ್ವಾರನ್ನ ಕರೀರಿ."

ಒಳಗಿನಿಂದ ಗೌಡಶ್ಯಾನಿ ಮಂಡಿ ಹಿಡಿದುಕೊಂಡು ಹೊಸ್ತಿಲಿಗೆ ಬಂದರು. ಕಿತ್ತೂರಿನ ಕಡೆಯ ತವರಿನವರು, ಅತ್ತೆಯ ವಾರಿಗೆಯವರೇ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಅವ್ವಾರ, ನನ್ನ ಸೊಸಿ ನಿಂತಾಳ್ರಿ. ಅದು ಗೊತ್ತಿಲ್ದ ಮಾತ ಕೊಟ್ಟೆ. ಆಣಿ ಹೊತ್ತಕೊಂಡ ಓಟ ಹಾಕಾಕ ನನ್ನ ಕಡಿಂದ ಆಗವಲ್ದು. ನೀವು ಹಾಕಿದ್ದು ನಿಮ್ಮ ಉಡಿಗೇ ತೊಗೋರಿ. ದೇವರ ಮುಂದ ತೊಗೋರಿ."

ಮಗ, "ಯವ್ವಾ, ನೀ ಒಳಗ ನಡಿ" ಅಂದ. ಮುದುಕಿ ಅವನ ಕಡೆ ತಿರುಗಿದರು.

"ಮಾತ ಇಸಗೊಂಡ ಬಾ ಅಂತ ಕಳಿಸಿದಾಂವ ನೀನು. ಆಕಿ ಮನ್ಯಾಗ ನಾ ಹೋಗಿ ಕುಂತ ಬಂದೇನಿ, ಚಹಾನೂ ಕುಡದೇನಿ. ಈಗ ಆಕಿ ಬಂದ್ರ ಕಟ್ಟಿ ತೋರಸ್ತಿ ಏನು?" ಆಮೇಲೆ ಅತ್ತೆಗೆ, "ಬಾ ಬೇ ಒಳಗ" ಅಂದರು. ನಾನು ಹೊರಗೇ ನಿಂತಿದ್ದನ್ನು ನೋಡಿ, "ನೀನೂ ಬಾರವ್ವಾ. ಓಟ ಬೇಡಾಕಿ ಅಂಗಳದಾಗ ನಿಂತ್ರ ಹೆಂಗ?" ಎಂದು ಗದರಿದರು.

ಆ ನಡುಮನೆಯ ನೆಲ ಎಷ್ಟು ತಣ್ಣಗಿತ್ತೆಂದು ನನಗೆ ಈಗಲೂ ನೆನಪಿದೆ. ಜಗುಲಿಯ ಮುಂದೆ ಗೌಡಶ್ಯಾನಿ ಸೆರಗು ಒಡ್ಡಿದರು. ಅತ್ತೆ ಕಾಯಿ ಹಾಕಿದರು, ಬಟ್ಟೆ ಹಾಕಿದರು, ಭಂಡಾರವನ್ನು ಒಂದು ಕಣವೂ ಚೆಲ್ಲದಂತೆ ಸುರಿದರು. "ಬಿಟ್ಟೇನಿ" ಅಂದರು ಗೌಡಶ್ಯಾನಿ. ಆಮೇಲೆ ಸಣ್ಣಗೆ ನಕ್ಕು, "ಆದ್ರ ನಮ್ಮ ಹುಡಗಿಗೇ ಹಾಕು ಅಂತ ಕೇಳಾಕ ಅಡ್ಡಿ ಇಲ್ಲಲ್ಲ?" ಅಂದರು.

"ಕೇಳ್ರಿ ಅವ್ವಾರ, ಕೇಳಾಕ ಯಾರ ಬ್ಯಾಡಂದಾರು?" ಎಂದು ಅತ್ತೆಯೂ ನಕ್ಕರು. ಆ ಹೊತ್ತಿನಲ್ಲಿ ನನಗೆ ಆ ಇಬ್ಬರು ಮುದುಕಿಯರ ಮೇಲೂ ವಿಪರೀತ ಪ್ರೀತಿ ಬಂತು. ಚುನಾವಣೆ ಮರೆತೇ ಹೋಗಿತ್ತು.

ಮನೆಗೆ ಬಂದು ನೋಡಿದರೆ ನನ್ನ ಗಂಡ ಖುಷಿಯಿಂದ ಕುಣಿಯುವುದೊಂದೇ ಬಾಕಿ. ಗೋಡೆಯ ಮೇಲಿನ ಬುದ್ಧನ ಫೋಟೊ ಇಳಿಸಿಕೊಂಡು ಬಂದು ತಾಯಿಯ ಮುಂದೆ ಹಿಡಿದ.

"ಈಗ ಬುದ್ಧನ್ನ ಮುಟ್ಟಿ ಹೇಳ ಬೇ, ಸೊಸಿಗೇ ಹಾಕತೇನಿ ಅಂತ."

ಅತ್ತೆಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಮೊದಲ ಅದನ್ನ ಗ್ವಾಡಿಗೆ ಹಾಕು! ನನ್ನ ಓಟ ಒಬ್ಬರ ಕೈಯಾಗಿಂದ ಬಿಡಿಸಿಕೊಂಡ ಈಗರೆ ಬಂದೇನಿ, ಮತ್ತೊಬ್ಬರ ಕೈಯಾಗ ಕೊಡ್ಲ್ಯಾ?" ಅಂದವರೇ, ಎರಡು ರೊಟ್ಟಿ ಮುರಿದುಕೊಂಡು ಉಂಡು, ಮೂರನೆಯದನ್ನೂ ಕೇಳಿದರು. ಗಂಡ ಪೆಚ್ಚಾಗಿ ಮೊಳೆ ಹುಡುಕುತ್ತಿದ್ದ.

ಮರುದಿನ ಊರಿನ ಶಾಲೆಯಲ್ಲಿ ಓಟು. ಅತ್ತೆಗೆ ಓದು ಬರದು, ಈಗ ಕಣ್ಣೂ ಮಂಜು. ಹಾಗಾಗಿ ಯಾವ ಚುನಾವಣೆಗೂ ಅವರು ಒಬ್ಬರೇ ಒಳಗೆ ಹೋದವರಲ್ಲ. ಮೊದಮೊದಲು ಗೌಡರ ಮನೆಯ ಆಳು, ಆಮೇಲೆ ಮಾವ, ಮಾವ ಹೋದ ಮೇಲೆ ಮಗ. ಓಟಿನ ಚೀಟಿಯ ಮೇಲೆ ಶಿಕ್ಕಾ ಒತ್ತುತ್ತಿದ್ದುದು ಜೊತೆಗೆ ಹೋದವರೇ, ಅತ್ತೆ ಬೆರಳಿಗೆ ಮಸಿ ಹಚ್ಚಿಸಿಕೊಂಡು ಬರುತ್ತಿದ್ದರು. ಗಂಡ ಅಂದೂ ಜೊತೆಗೆ ಹೊರಟ. ಬಾಗಿಲಲ್ಲಿ ಅಧಿಕಾರಿ, "ಅಜ್ಜಿ, ಜೋಡಿ ಯಾರ ಬರತಾರ್ರಿ?" ಎಂದು ಕೇಳಿದರು.

"ಯಾರೂ ಬ್ಯಾಡ್ರಿ. ಚಿತ್ರ ಕಾಣಸ್ತಾವು" ಅಂದರು ಅತ್ತೆ.

ಅವರು ರಟ್ಟಿನ ಮರೆಯ ಹಿಂದೆ ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ. ಎಷ್ಟು ಹೊತ್ತಾದರೂ ಹೊರಬರಲಿಲ್ಲ. ಎರಡೂ ಪಾರ್ಟಿಯ ಏಜೆಂಟರು ಕತ್ತು ಚಾಚಿದರು. ಸಾಲಿನಲ್ಲಿದ್ದವರು, "ಅಜ್ಜಿಗೆ ನಿದ್ದಿ ಹತ್ತೇತೇನು ನೋಡ್ರೋ" ಎಂದು ನಕ್ಕರು. ಕಡೆಗೆ ಅತ್ತೆ ಬಂದು, ಚೀಟಿಯನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಗೊಂದು ಸಲ ಕೈ ಮುಗಿದು ಹೊರಗೆ ಬಂದರು.

"ಏನ ಮಾಡಾಕ ಹತ್ತಿದ್ದಿ ಬೇ ಇಷ್ಟೊತ್ತು? ಶಿಕ್ಕಾ ಒತ್ತಾಕ ಬರಲಿಲ್ಲನ?" ಎಂದು ಗಂಡ ರೇಗಿದ.

"ಒತ್ತೂದು ಆಗಿಂದಾಗ ಆತು," ಅಂದರು ಅತ್ತೆ. "ಚೀಟಿ ಕೈಯಾಗ ಹಿಡಕೊಂಡ ನಿಂತಿದ್ದೆ. ಡಬ್ಬಿಗೆ ಹಾಕಿದ್ರ ಮುಗದ ಹೋಗತೈತಿ, ಇನ್ನೊಂದೀಟ ಹೊತ್ತ ನನ್ನ ಕಡೇನ ಇರಲಿ ಅನಸ್ತು."