ನಂಬರಿಗೊಂದು ಬಿಡುಗಡೆ ಪತ್ರ

ಎದುರುಮನೆಯ ಆಂಟಿಯ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಮೇಲಿತ್ತು. ಹುಟ್ಟಿನಿಂದ ಬಂದದ್ದಲ್ಲ, ಫೋನಿನಿಂದ ಬಂದದ್ದು. ರಿಸೀವರನ್ನು ಎಡಗಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಬಲಗೈಯಲ್ಲಿ ಮೀನಿನ ಸಾರು ತಿರುವುತ್ತ ಎಷ್ಟೋ ವರ್ಷ ಕಳೆದಿದ್ದರಿಂದ ಮೈ ಆ ಭಂಗಿಗೇ ಒಗ್ಗಿಹೋಗಿತ್ತು. ಕೈಯಲ್ಲಿ ಫೋನಿಲ್ಲದಾಗಲೂ ಯಾರಾದರೂ ಮಾತಿಗೆ ನಿಂತರೆ ಅವರ ಕತ್ತು ತಾನಾಗಿ ಎಡಕ್ಕೆ ವಾಲುತ್ತಿತ್ತು. ಅವರ ಮದುವೆಯ ಬೆಳ್ಳಿಹಬ್ಬದ ಫೋಟೋದಲ್ಲಿ ಅಂಕಲ್ ನೆಟ್ಟಗೆ ನಿಂತಿದ್ದಾರೆ. ಆಂಟಿ ಮಾತ್ರ ಯಾರದೋ ಕರೆ ಕೇಳಿಸಿಕೊಳ್ಳುತ್ತಿರುವವರ ಹಾಗೆ ನಿಂತಿದ್ದಾರೆ.

ಕತಾರಿನ ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ ನಮ್ಮ ಫ್ಲ್ಯಾಟಿನ ಬಾಗಿಲು ತೆಗೆದರೆ ಎದುರಿಗೆ ಅವರ ಬಾಗಿಲು. ಉಡುಪಿ ಕಡೆಯ ಕ್ರಿಶ್ಚಿಯನ್ನರು; ತಮ್ಮತಮ್ಮಲ್ಲಿ ಕೊಂಕಣಿ, ನಮ್ಮೊಡನೆ ಕರಾವಳಿಯ ಕನ್ನಡ. ಅಂಕಲ್ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದರು. ಆಂಟಿ ಹತ್ತಿರದ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದರು. ಮಕ್ಕಳಿರಲಿಲ್ಲ. ಮೈಸೂರಿನಿಂದ ಗಂಡನ ಹಿಂದೆ ಬಂದಿಳಿದ ನನಗೆ ಮೊದಲ ವಾರವೇ ಒಂದು ತಟ್ಟೆ ನೀರುದೋಸೆ ಕೊಟ್ಟರು. ತಟ್ಟೆ ವಾಪಸು ಕೊಡಲು ಹೋದಾಗ ನನ್ನನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿದರು.

"ನಮ್ಮ ಮನೆ ನಂಬರ್ ಬಾಯಿಪಾಠ ಮಾಡು."

"ಮೊಬೈಲಲ್ಲಿ ಸೇವ್ ಮಾಡ್ಕೊಂಡಿದ್ದೀನಿ ಆಂಟಿ."

"ಮೊಬೈಲ್ ಕಳೆದು ಹೋದ್ರೆ? ಯಾರಾದ್ರೂ ಕಿತ್ಕೊಂಡ್ರೆ? ಕೈಯಲ್ಲಿ ಇರುವುದು ಹೋಗ್ತದೆ ಮಾರಾಯ್ತಿ, ತಲೆಯಲ್ಲಿ ಇರುವುದು ಹೋಗುವುದಿಲ್ಲ. ಹೇಳು, ನೋಡುವ."

ಎಂ.ಕಾಂ. ಮುಗಿಸಿದ ನಾನು ಅವರ ಹೊಸ್ತಿಲಲ್ಲಿ ನಿಂತು ಮಗ್ಗಿ ಒಪ್ಪಿಸುವ ಹಾಗೆ ಎಂಟು ಅಂಕಿ ಒಪ್ಪಿಸಿದೆ. ನಡುವೆ ಒಂದು ತಪ್ಪಿತು. "ಮೊದಲಿಂದ" ಎಂದರು. ಒಳ್ಳೆಯ ಮೇಷ್ಟರ ಕೈಗೆ ಸಿಕ್ಕೆ ಎಂದು ಒಳಗೊಳಗೇ ಸಿಡುಕಿದೆ.

"ಕಿತ್ಕೊಂಡ್ರೆ" ಎಂಬ ಮಾತು ನನ್ನಂಥವಳಿಗಾಗಿ ಹುಟ್ಟಿದ್ದಲ್ಲ ಎಂದು ಗೊತ್ತಾಗಲು ಸ್ವಲ್ಪ ಕಾಲ ಬೇಕಾಯಿತು. ಮನೆಗೆಲಸಕ್ಕೆಂದು ಊರಿನಿಂದ ಬಂದ ಹೆಣ್ಣುಮಕ್ಕಳು ಜ್ವರಕ್ಕೋ ಹಲ್ಲುನೋವಿಗೋ ಆ ಕ್ಲಿನಿಕ್ಕಿಗೆ ಬರುತ್ತಿದ್ದರು. ಕೆಲವು ಮನೆಗಳಲ್ಲಿ ಅವರಿಗೆ ಮೊಬೈಲ್ ಇಟ್ಟುಕೊಳ್ಳಲು ಬಿಡುತ್ತಿರಲಿಲ್ಲ. ಚೀಟಿಯಲ್ಲಿ ಬರೆದುಕೊಟ್ಟರೆ ಚೀಟಿ ಬಟ್ಟೆಯ ಜೊತೆ ಒಗೆದು ಹೋಗುತ್ತಿತ್ತು. ಅದಕ್ಕೇ ಆಂಟಿ ತಮ್ಮ ಮನೆಯ ನಂಬರಿಗೆ ಜಪಮಾಲೆ ಹೇಳುವ ಧಾಟಿಯೊಂದನ್ನು ಕೂಡಿಸಿ, ಡಾಕ್ಟರು ಕರೆಯುವುದರೊಳಗೆ ಹುಡುಗಿಯ ತಲೆಗೆ ತುಂಬಿಬಿಡುತ್ತಿದ್ದರು. ಕುಂದಾಪುರದವಳಾಗಲಿ, ಕಡಪದವಳಾಗಲಿ, ಕೊಲಂಬೋದವಳಾಗಲಿ, ಧಾಟಿ ಒಂದೇ.

ಬರುತ್ತಿದ್ದ ಕರೆಗಳೆಲ್ಲ ಕಣ್ಣೀರಿನವೇನಲ್ಲ. ಒಬ್ಬಳಿಗೆ ಅರಬ್ಬಿ ಸಾರಿಗೆ ಒಣನಿಂಬೆ ಎಷ್ಟು ಹಾಕಬೇಕೆಂಬ ಚಿಂತೆ. ಇನ್ನೊಬ್ಬಳಿಗೆ, ಕರೆಯಲು ಕಷ್ಟ ಎಂದು ಮನೆಯ ಮೇಡಮ್ಮು ತನ್ನ ಹೆಸರನ್ನೇ ಬದಲಿಸಿದ್ದಾಳೆ, ಹೊಸ ಹೆಸರು ಚೆನ್ನಾಗಿದೆಯೋ ಇಲ್ಲವೋ ಎಂಬ ಅನುಮಾನ. ಯಾರೇ ಮಾಡಲಿ, ಆಂಟಿಯ ಮೊದಲ ಮಾತು ಒಂದೇ: "ಹೇಳು ಮಗಾ, ಊಟ ಆಯ್ತಾ?" ಕ್ರೆಡಿಟ್ ಕಾರ್ಡು ಮಾರಲು ಫೋನು ಮಾಡಿದ ಹುಡುಗನಿಗೂ ಹಿಂದಿಯಲ್ಲಿ ಅದನ್ನೇ ಕೇಳಿದರು. ಅವನು ಇನ್ನೂ ಇಲ್ಲ ಎಂದನಂತೆ. ಕಾರ್ಡಿನ ಮಾತು ಅಲ್ಲಿಗೇ ನಿಂತು, ಹಸಿದ ಹೊಟ್ಟೆಯಲ್ಲಿರುವುದರ ಕೇಡಿನ ಬಗ್ಗೆ ಅವನೇ ಉಪದೇಶ ಕೇಳಬೇಕಾಯಿತು.

ಫುಟ್‌ಬಾಲ್ ವಿಶ್ವಕಪ್ಪಿನ ವರ್ಷ ಬಂತು. ಊರೆಲ್ಲ ಅಗೆದು, ಮುಚ್ಚಿ, ಮುಚ್ಚಿದ್ದನ್ನು ಮತ್ತೆ ಅಗೆದು ಮುಗಿದಿತ್ತು. ಅಂಕಲ್ ಕಪಾಟಿನಿಂದ ತಮ್ಮ ಮೆಚ್ಚಿನ ತಂಡದ ಹಳದಿ ಜೆರ್ಸಿ ತೆಗೆದು, ಹೊಟ್ಟೆ ಒಳಗೆಳೆದುಕೊಂಡು ಹಾಕಿಕೊಂಡರು. ಮೆಟ್ರೋದಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ಸ್ಟೇಡಿಯಂ ಇತ್ತು. ಟಿಕೆಟ್ ಮಾತ್ರ ಸಿಗಲಿಲ್ಲ. ಇನ್ನೊಂದು ಫೋನ್ ಕಂಪನಿಯವರು ಇಂಟರ್ನೆಟ್, ಮನೆ ಫೋನು, ಎಲ್ಲ ಪಂದ್ಯ ತೋರಿಸುವ ಟಿವಿ ಪೆಟ್ಟಿಗೆ, ಮೂರನ್ನೂ ಒಟ್ಟಿಗೆ ಕೊಡುತ್ತಿದ್ದಾರೆಂದು ಅವರಿಗೆ ಗೊತ್ತಾಯಿತು. ಅಂದಿನಿಂದ ಊಟಕ್ಕೆ ಕೂತರೂ ಅದೇ ಮಾತು.

ಆಂಟಿ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಅದಕ್ಕೆ ಕಾರಣವಿತ್ತು. ಕೆಲವು ತಿಂಗಳ ಹಿಂದೆ ಕುಂದಾಪುರ ಕಡೆಯ ಒಬ್ಬ ಹುಡುಗಿ ಫೋನು ಮಾಡಿ, "ಆಂಟಿ, ನನ್ನನ್ನು ಬೇರೆ ಮನೆಗೆ ಕಳಿಸ್ತಿದ್ದಾರೆ, ಅಲ್ಲಿಂದ ಮಾಡ್ತೆ" ಎಂದಿದ್ದಳು. ಯಾವ ಮನೆ, ಯಾವ ಊರು ಎಂದು ಕೇಳುವಷ್ಟರಲ್ಲಿ ಲೈನು ಕಟ್ಟಾಗಿತ್ತು. ಆಮೇಲೆ ಸುದ್ದಿಯೇ ಇಲ್ಲ. ಅವಳಿಗೆ ಗೊತ್ತಿದ್ದ ನಂಬರು ಇದೊಂದೇ.

"ನಿಮ್ಮ ಕಾಲ್ಚೆಂಡು ನೋಡ್ಲಿಕ್ಕೆ ನಾನು ನಂಬರ್ ಬಿಡ್ಬೇಕಾ? ಆ ಮಗು ಎಲ್ಲಿಗೆ ಮಾಡುವುದು?" ಎಂದು ಆಂಟಿ ಕೇಳಿದರೆ ಅಂಕಲ್ ತಟ್ಟೆ ಎತ್ತಿಕೊಂಡು ಸಿಂಕಿನತ್ತ ನಡೆಯುತ್ತಿದ್ದರು.

ನಡುವೆ ನಾನು ಬಾಯಿ ಹಾಕಿದೆ. "ಆಂಟಿ, ಕಂಪನಿ ಬದಲಾದ್ರೂ ನಂಬರ್ ಅದೇ ಇರುತ್ತೆ. ಹೊಸ ಕಂಪನೀಲಿ ಅರ್ಜಿ ಕೊಟ್ರೆ ಸಾಕು, ಅವರೇ ಹಳಬರ ಹತ್ತಿರ ಮಾತಾಡಿ ನಂಬರ್ ತಗೋತಾರೆ. ಅಲ್ಲಿವರೆಗೂ ನಾವು ಏನೂ ಮುಟ್ಟಬಾರದು."

ಆಂಟಿ ಕತ್ತು ವಾಲಿಸಿ ಕೇಳಿದರು. ಒಪ್ಪಿದರು. ಆದರೆ "ಏನೂ ಮುಟ್ಟಬಾರದು" ಎಂಬ ಕೊನೆಯ ಮಾತು ಅವರೊಳಗೆ ಇಳಿಯಲೇ ಇಲ್ಲ. ಅದು ಅವರೊಬ್ಬರ ತಪ್ಪೆಂದು ನಾನು ಹೇಳಲಾರೆ. ಕೊಲ್ಲಿಯಲ್ಲಿ ಹಳಬರಾದವರು ಯಾರೂ ಹಳೆಯ ಧಣಿಯ ಬಿಡುಗಡೆ ಪತ್ರವಿಲ್ಲದೆ ಹೊಸ ಕೆಲಸಕ್ಕೆ ಸೇರಿದವರಲ್ಲ. ಆ ಪತ್ರಕ್ಕೆ ಎನ್‌ಒಸಿ ಎನ್ನುತ್ತಿದ್ದರು. ಮೊದಲು ಅದು ಕೈಗೆ ಬರಬೇಕು, ಹಳೆಯ ವೀಸಾ ಕ್ಯಾನ್ಸಲ್ ಆಗಬೇಕು, ಆಮೇಲೆ ಹೊಸದು. ಆಂಟಿಯೂ ಹಿಂದೆ ಒಮ್ಮೆ ಕ್ಲಿನಿಕ್ ಬದಲಿಸುವಾಗ ಹಳೆಯ ಮ್ಯಾನೇಜರನ ಮುಂದೆ ಮಿಠಾಯಿ ಡಬ್ಬಿ ಹಿಡಿದು ನಿಂತವರೇ. ಆ ಕಾಯಿದೆ ತೆಗೆದು ಹಾಕಿ ಆಗಲೇ ಒಂದೆರಡು ವರ್ಷವಾಗಿತ್ತು. ಆದರೆ ಕಾಯಿದೆ ಹೋದಷ್ಟು ಬೇಗ ಅದರ ಭಯ ಹೋಗುತ್ತದೆಯೇ?

ನಾವೆಲ್ಲ ಆಫೀಸಿನಲ್ಲಿದ್ದ ಒಂದು ದಿನ ಆಂಟಿ ಒಳ್ಳೆಯ ಸೀರೆಯುಟ್ಟು, ಕ್ರಿಸ್ಮಸ್ಸಿಗೆಂದು ಕರಿದಿಟ್ಟ, ಕರ್ಜಿಕಾಯಿಯಂಥ ನೆವ್ರಿಗಳನ್ನು ಡಬ್ಬಿಗೆ ತುಂಬಿಕೊಂಡು, ಹಳೆಯ ಕಂಪನಿಯ ಕೌಂಟರಿಗೆ ಹೋದರು. ಇಷ್ಟು ವರ್ಷ ಚೆನ್ನಾಗಿ ನೋಡಿಕೊಂಡಿದ್ದೀರಿ, ಈಗ ನಂಬರಿಗೆ ಬಿಡುಗಡೆ ಕೊಡಿ ಎಂದರು. ಕೌಂಟರಿನ ಮಲಯಾಳಿ ಹುಡುಗ, ಲೈನ್ ಕ್ಯಾನ್ಸಲ್ ಮಾಡಬೇಕೇ ಎಂದು ಕೇಳಿದ. ಪೂರ್ತಿ ಕ್ಯಾನ್ಸಲ್ ಎಂದರು ಆಂಟಿ. ಅವನು ಇನ್ನೊಮ್ಮೆ ಕೇಳಿದ. ಏನೂ ಬಾಕಿ ಉಳಿಯಬಾರದು ಎಂದರು. ಸಹಿ ಹಾಕಿದರು. ಹುಡುಗನಿಗೆ ಎರಡು ನೆವ್ರಿ ಹೆಚ್ಚಿಗೆ ಕೊಟ್ಟರು.

ಸಂಜೆ ನಾನು ಬಂದಾಗ ಬಾಗಿಲಲ್ಲೇ ನಿಂತಿದ್ದರು, ಪರೀಕ್ಷೆ ಪಾಸಾದ ಮುಖ. "ನಮ್ಮ ಕಡೆಯಿಂದ ಎಲ್ಲ ಕ್ಲಿಯರ್. ಖಲಾಸ್! ಒಳ್ಳೆ ಹುಡುಗ. ಎನ್‌ಒಸಿ ಕೇಳುವ ಮೊದಲೇ ಕ್ಯಾನ್ಸಲ್ ಮಾಡಿ ಕೊಟ್ಟ."

"ಏನ್ ಮಾಡಿದ್ರಿ?"

"ಕ್ಯಾನ್ಸಲ್. ಇನ್ನು ಹೊಸಬರು ತಗೊಳ್ಳಬಹುದಲ್ಲಾ?"

ನಾನು ಒಳಗೆ ಹೋಗಿ ರಿಸೀವರ್ ಎತ್ತಿದೆ. ಸದ್ದೇ ಇಲ್ಲ. ಬದುಕಿರುವ ನಂಬರನ್ನು ಮಾತ್ರ ಸಾಗಿಸಬಹುದು, ಕ್ಯಾನ್ಸಲ್ ಆದದ್ದನ್ನು ಯಾರೂ ತೆಗೆದುಕೊಳ್ಳಲಾಗದು ಎಂದು ಹೇಳಿದಾಗ ಆಂಟಿ ಕುರ್ಚಿ ಹುಡುಕಿಕೊಂಡು ಕೂತರು. ಅವರ ಕತ್ತು ನೆಟ್ಟಗಿದ್ದುದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಭಯವಾಯಿತು.

ಮರುದಿನ ಮೂವರೂ ಆ ಕಂಪನಿಗೆ ಓಡಿದೆವು. ಆಂಟಿ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದು ತಂದಿದ್ದರು: ರಾಜೀನಾಮೆಯನ್ನು ಹಿಂತೆಗೆದುಕೊಂಡಿದ್ದೇನೆ, ದಯವಿಟ್ಟು ನಂಬರನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಬೇಕು. ಹುಡುಗ ಅದನ್ನೋದಿ ನಗಬಾರದೆಂದು ಕೆಮ್ಮಿದ. ಒಳಗಿನಿಂದ ಅಬಾಯಾ ಧರಿಸಿದ ಕತಾರಿ ಅಧಿಕಾರಿಣಿಯನ್ನು ಕರೆತಂದ. ಬಿಟ್ಟ ನಂಬರನ್ನು ಸ್ವಲ್ಪ ದಿನ ಯಾರಿಗೂ ಕೊಡುವುದಿಲ್ಲ, ಕೇಳಿ ನೋಡೋಣ, ಮಾತು ಕೊಡಲಾರೆ ಎಂದರು ಆಕೆ. ಹೊಸ ನಂಬರು ಈಗಲೇ ಕೊಡಬಹುದಲ್ಲ, ಇದೇ ಯಾಕೆ ಬೇಕು ಎಂದೂ ಕೇಳಿದರು.

"ನನ್ನ ಮಕ್ಕಳಿಗೆ ಇದೊಂದೇ ಗೊತ್ತಿರುವುದು ಮೇಡಂ" ಎಂದರು ಆಂಟಿ ಇಂಗ್ಲಿಷಿನಲ್ಲಿ.

"ಎಷ್ಟು ಮಕ್ಕಳು ನಿಮಗೆ?" ಎಂದರು ಆಕೆ.

"ಲೆಕ್ಕ ಇಟ್ಟಿಲ್ಲ."

ಅಧಿಕಾರಿಣಿ ಅಂಕಲ್ಲನ್ನು ಮೇಲಿಂದ ಕೆಳಗೆ ನೋಡಿದರು. ಅಂಕಲ್ ನೆಲ ನೋಡಿದರು. ನಾನು ನಡುವೆ ಹೋಗಿ ಕ್ಲಿನಿಕ್ಕಿನ ಹುಡುಗಿಯರ ವಿಷಯ ಬಿಡಿಸಿ ಹೇಳಿದ ಮೇಲೆ ಆಕೆ ನಗಲಿಲ್ಲ. ಕಾಗದವನ್ನು ತಾವೇ ತೆಗೆದುಕೊಂಡು ಒಳಗೆ ಹೋದರು.

ಆಮೇಲಿನ ದಿನಗಳನ್ನು ನೆನೆದರೆ ನಗುವೂ ಬರುತ್ತದೆ, ಪಾಪ ಎಂದೂ ಅನ್ನಿಸುತ್ತದೆ. ಬೆಳಿಗ್ಗೆ ಎದ್ದು ಆಂಟಿ ನನ್ನ ಮೊಬೈಲಿನಿಂದ ತಮ್ಮ ನಂಬರಿಗೇ ಫೋನು ಮಾಡುತ್ತಿದ್ದರು. ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಯಂತ್ರದ ಹೆಂಗಸು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಹೇಳಿದರೆ, "ಚಾಲ್ತಿಯಲ್ಲಿ ಉಂಟು ಅಂತ ಹೇಳ್ಲಿಕ್ಕೆ ನಿನಗೆಂತ ಆಗುವುದು?" ಎಂದು ಅವಳಿಗೇ ಬೈಯುತ್ತಿದ್ದರು. ಅತ್ತ ಅದೇ ಲೈನಿನಲ್ಲಿ ಬರುತ್ತಿದ್ದ ಅಂಕಲ್‌ರ ಹಳೆಯ ಟಿವಿ ಕೇಬಲ್ಲೂ ಹೋಗಿತ್ತು, ಹೊಸ ಪೆಟ್ಟಿಗೆಯೂ ಬಂದಿರಲಿಲ್ಲ. ಇಡೀ ಲೋಕವೇ ಪಂದ್ಯ ನೋಡಲು ದೋಹಾಕ್ಕೆ ಬಂದಿದ್ದಾಗ, ದೋಹಾದಲ್ಲೇ ಇದ್ದ ಅವರು ಅಲ್ ಮನ್ಸೂರಾದ ಉಡುಪಿ ಹೋಟೆಲಿನ ಮೂಲೆಯಲ್ಲಿ, ಕಾಫಿಯ ಮೇಲೆ ಕಾಫಿ ಕುಡಿದು, ಗೋಡೆಯ ಟಿವಿ ನೋಡುತ್ತಿದ್ದರು. ಅವರ ಹಳದಿ ತಂಡ ಸೋತು ಹೊರಬಿದ್ದಾಗಲೂ ಮನೆಗೆ ಬಂದು ಮೊದಲು ಕೇಳಿದ್ದು, "ನಂಬರ್ ಬಂತಾ?"

ಬಂತು. ಮುಂದಿನ ವಾರ ಮೊದಲು ಹಳೆಯ ಕಂಪನಿಯಲ್ಲೇ ಜೀವ ಪಡೆಯಿತು. ಆಮೇಲೆ ನಾನೇ ಹೊಸ ಕಂಪನಿಯಲ್ಲಿ ಅರ್ಜಿ ಕೊಡಿಸಿದೆ. ಅದು ಸಾಗಿ ಬರುವವರೆಗೆ ಆಂಟಿಯನ್ನು ಯಾವ ಕೌಂಟರಿನ ಹತ್ತಿರಕ್ಕೂ ಬಿಡಲಿಲ್ಲ. ಫೈನಲ್ ಮುಗಿದು ಬಾವುಟಗಳನ್ನು ಇಳಿಸುವ ಹೊತ್ತಿಗೆ ಅಂಕಲ್‌ರ ಟಿವಿ ಪೆಟ್ಟಿಗೆಯೂ ಬಂತು. ಅದೃಷ್ಟ ನೋಡಿ.

ಹೊಸ ಲೈನು ಸೇರಿದ ಸಂಜೆ ಪರೀಕ್ಷಿಸೋಣವೆಂದು ನಾನು ನಮ್ಮ ಮನೆಯಿಂದ ಆ ನಂಬರು ಒತ್ತಿದೆ. ಅರ್ಧ ರಿಂಗಿಗೇ ಎತ್ತಿದರು.

"ಹೇಳು ಮಗಾ, ಊಟ ಆಯ್ತಾ?"

"ನಾನು ಆಂಟಿ, ಸುಮ್ನೆ ಮಾಡಿದೆ."

"ಸುಮ್ನೆಯಾ? ಇಡು ಫೋನು! ಲೈನ್ ಖಾಲಿ ಬಿಡು!"

ಆ ಕುಂದಾಪುರದ ಹುಡುಗಿಯ ಫೋನು ಬಂದದ್ದು ಆ ವಾರವೇ, ನಾನು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದಾಗ. ಆಂಟಿಯ ಭುಜ ಮೇಲೇರಿತು, ಕತ್ತು ವಾಲಿತು, ಕಣ್ಣು ತುಂಬಿ ಬಂತು. ಗೆಳತಿಯೊಬ್ಬಳು ಆ ನಂಬರು ಸತ್ತುಹೋಗಿದೆ ಎಂದಿದ್ದಳಂತೆ. "ನಾನು ನಂಬ್ಲಿಲ್ಲ ಆಂಟಿ. ಫೋನ್ ಸಿಕ್ಕಿದಾಗೆಲ್ಲ ಒತ್ತಿದೆ" ಎಂದಳಂತೆ. ಅವಳ ಕೆಲಸದ ಅವಧಿ ಮುಗಿದಿತ್ತು. ಊರಿಗೆ ಹೋಗುವುದು ಹೇಗೆ, ಯಾರನ್ನು ಕೇಳುವುದು ಎಂಬುದೇ ತಿಳಿದಿರಲಿಲ್ಲ. ಅಂಕಲ್ ಅಲ್ಲಿ ಇಲ್ಲಿ ಓಡಾಡಿದರು. ಹೊಸ ವರ್ಷದಲ್ಲಿ ಹುಡುಗಿ ಕುಂದಾಪುರ ಸೇರಿದಳು.

ಮುಂದೆ ಅಂಕಲ್, ಆಂಟಿ ಇಬ್ಬರೂ ಕೆಲಸ ಮುಗಿಸಿ ಊರಿಗೆ ಹೊರಟಾಗ ಆಂಟಿ ಫ್ರಿಜ್ಜು, ಮಂಚ, ಟಿವಿ ಎಲ್ಲವನ್ನೂ ಯಾರು ಯಾರಿಗೋ ಹಂಚಿದರು. ನನಗೆ ಕೊಟ್ಟದ್ದು ನಂಬರೊಂದೇ. ಕಂಪನಿಗೆ ಬಂದು ನನ್ನ ಹೆಸರಿಗೆ ಬರೆಸಿದರು. "ಯಾರು ಮಾಡಿದ್ರೂ ಮೊದಲು ಊಟದ ವಿಷಯ ಕೇಳು. ಹಸಿದವರು ಸರಿಯಾಗಿ ಕಷ್ಟ ಹೇಳುವುದಿಲ್ಲ" ಎಂದರು. ನಾನು ಹೂಂ ಎಂದೆನಾದರೂ ಮೊದಮೊದಲು ನಾಚಿಕೆಯಾಗುತ್ತಿತ್ತು. ಬರೀ "ಹಲೋ" ಎನ್ನುತ್ತಿದ್ದೆ. ಕರೆಗಳು ಈಗಲೂ ಬರುತ್ತವೆ. ನನ್ನಲ್ಲಿ ಉತ್ತರವಿರುವುದು ಅರ್ಧಕ್ಕೆ ಮಾತ್ರ. ಒಣನಿಂಬೆಯ ಲೆಕ್ಕ ಮಾತ್ರ ಕಲಿತಿದ್ದೇನೆ.

ಹೋದ ವರ್ಷ ಒಂದು ಮಧ್ಯಾಹ್ನ ಆ ಫೋನು ಬಡಿದುಕೊಂಡಿತು. ಊರಿನಿಂದ ಅಂಕಲ್. ನನ್ನ ಮೊಬೈಲ್ ನಂಬರು ಅವರ ಮೊಬೈಲಿನಲ್ಲಿತ್ತು, ಆ ಮೊಬೈಲು ಆಸ್ಪತ್ರೆಯ ಗಡಿಬಿಡಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ಯಾರದೋ ಫೋನು ಕೇಳಿ ತೆಗೆದುಕೊಂಡು, ತಲೆಯಲ್ಲಿದ್ದ ಒಂದೇ ನಂಬರು ಒತ್ತಿದ್ದರು.

"ನಿನ್ನ ಆಂಟಿ ಹೋದ್ಲು ಮಗಾ" ಎಂದರು.

ರಿಸೀವರು ಭುಜಕ್ಕೆ ಒತ್ತಿಕೊಂಡು ನಿಂತೆ. ಆಮೇಲೆ ಬಾಯಿಗೆ ಬಂದದ್ದು ಇಷ್ಟೇ:

"ಅಂಕಲ್, ಊಟ ಆಯ್ತಾ?"

ಅಲ್ಲಿಯವರೆಗೆ ಗಟ್ಟಿಯಾಗಿದ್ದವರು, "ಇಲ್ಲ ಮಗಾ" ಎಂದು ಅತ್ತುಬಿಟ್ಟರು.