ಪೆಟ್ಟಿಗೆ ಸೈಕಲ್ಲಿಗೆ ಒಂದಿಂಚು

ದಪ್ಪ ಕನ್ನಡಕದಿಂದಾಗಿ ಎಲ್ಲರ ಬಾಯಲ್ಲಿ ಸೋಡಾಬುಡ್ಡಿಯಾದವನು ದಿನವಿಡೀ ಮಾಡುವ ಕೆಲಸವೇ ಅಳೆಯುವುದು. ಕನ್ನಡಕದಂಗಡಿಯ ಹಿಂಭಾಗದಲ್ಲಿ, ಒಬ್ಬ ಮನುಷ್ಯ ಮೊಣಕಾಲು ಮಡಚಿ ಕೂತರೆ ತುಂಬಿಹೋಗುವ ಕೋಣೆಯಲ್ಲಿ, ಅವನು ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಾನೆ. ಕೂದಲೆಳೆಯಷ್ಟು ಹೆಚ್ಚಾದರೆ ಗಾಜು ಒಡೆಯುತ್ತದೆ, ಕಮ್ಮಿಯಾದರೆ ಗಿರಾಕಿಯ ಮಡಿಲಿಗೆ ಬೀಳುತ್ತದೆ. ಒಂಬತ್ತು ವರ್ಷದಲ್ಲಿ ಹಾಗೆ ಬಿದ್ದದ್ದು ಎರಡೇ, ಅದರಲ್ಲೊಂದು ಮಾಲೀಕನ ಮಾವನದು. ಇಂಥವನು ತನ್ನ ಸ್ವಂತ ಸೈಕಲ್ಲಿನ ಅಳತೆಯಲ್ಲಿ ಎಡವಿದ ಎಂದರೆ ಅಂಗಡಿಯವರು ನಂಬಲಿಲ್ಲ. ಹೆಂಡತಿ ತಕ್ಷಣ ನಂಬಿದಳು.

ಸೈಕಲ್ಲು ಕೊಂಡದ್ದೇ ಹೆಂಡತಿಗೆ. ಅವಳದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ, ಪಾಳಿ ಏಳು ಗಂಟೆಗೆ. ಮೂರು ವರ್ಷದ ಇಬ್ಬರು ಮಕ್ಕಳನ್ನು ಬಿಡುವ ಶಿಶುವಿಹಾರ ಊರಿನ ಆ ತುದಿ, ಆಸ್ಪತ್ರೆ ಈ ತುದಿ. ನಡುವೆ ಬಸ್ಸು ಇಲ್ಲವೆಂದಲ್ಲ. ಇವಳು ಸ್ಟಾಪು ತಲುಪುವ ಒಂದು ನಿಮಿಷ ಮೊದಲು ಹೊರಟುಹೋಗುತ್ತದೆ. ತಡವಾದದ್ದಕ್ಕೆ ಆಗಲೇ ಎರಡು ಮೆಮೊ ಬಂದಿದ್ದವು. ಮೂರನೆಯದು ಬಂದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮೇಲ್ವಿಚಾರಕಿ ಇಸ್ತ್ರಿ ಮಾಡಿದಂಥ ದನಿಯಲ್ಲಿ ಹೇಳಿದ್ದಳು. ಹಾಗಾಗಿ ಮುಂದೆ ಮರದ ಪೆಟ್ಟಿಗೆ, ಅದರೊಳಗೆ ಎರಡು ಪುಟ್ಟ ಸೀಟು, ದೋಣಿಯಷ್ಟು ಉದ್ದದ ಈ ಸೈಕಲ್ಲು ಮನೆಗೆ ಬಂತು. ಅವತ್ತಿನಿಂದ ಅವಳಿಗೆ ಒಂದು ದಿನವೂ ತಡವಾಗಿರಲಿಲ್ಲ.

ಬೀದಿಯಲ್ಲಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಚಕ್ರವಾದರೂ ಮಾಯವಾಗುವ ಬೀದಿ ಅದು. ಅದಕ್ಕೆಂದೇ ಸೋಡಾಬುಡ್ಡಿ ಸೈಕಲ್ಲಿಗೆ ವಿಮೆ ಮಾಡಿಸಲು ಹೋದ. ಪೆಟ್ಟಿಗೆಯಲ್ಲಿ ಏನು ಸಾಗಿಸುತ್ತೀರಿ ಎಂದು ಕೌಂಟರಿನವಳು ಕೇಳಿದಳು. ಮಕ್ಕಳು ಎಂದ. ಅವಳ ಫಾರಮಿನಲ್ಲಿ ಒಡೆಯುವ ಸರಕು, ಒಡೆಯದ ಸರಕು ಎರಡೇ ಇದ್ದವು. "ಒಡೆಯೋದು ಅಂತ ಹಾಕ್ಕೊಳ್ಳಿ, ಒಡೆದುಹಾಕೋದು ಅಂತ ಇದ್ರೆ ಇನ್ನೂ ಸರಿ" ಎಂದು ತನ್ನ ಜೋಕಿಗೆ ತಾನೇ ನಕ್ಕು ಸಹಿ ಹಾಕಿದ. ಪಾಲಿಸಿಯ ಮೊದಲ ಪುಟದಲ್ಲೇ ಷರತ್ತು ಇತ್ತು: ಸೈಕಲ್ಲನ್ನು ಕಟ್ಟಡದೊಳಗೆ, ಭದ್ರವಾಗಿ ಕೂರಿಸಿದ ಕಬ್ಬಿಣದ ಕೊಂಡಿಗೆ ಸರಪಳಿ ಬಿಗಿದು ನಿಲ್ಲಿಸಬೇಕು. ಉಳಿದ ಪುಟ ಯಾರು ಓದುತ್ತಾರೆ? ಮನೆ ಮಹಡಿಯ ಮೇಲಾದ್ದರಿಂದ ನೆಲಮಹಡಿಯ ಪ್ಯಾಸೇಜಿನ ಗೋಡೆಗೆ, ತನ್ನ ಸೊಂಟಕ್ಕೆ ಕಷ್ಟವಾಗದ ಎತ್ತರದಲ್ಲಿ ಕೊಂಡಿ ಹೊಡೆದ.

ಆಮೇಲೆ ಶುರುವಾಯಿತು ಸಿಂಗಾರ. ಎರಡು ಕಡೆ ಕನ್ನಡಿ. ಪಕ್ಕದಲ್ಲಿ ಜೋಲುವ ಚೀಲಗಳು. ಬಾಟಲಿ ಸ್ಟ್ಯಾಂಡು, ಕೊಡೆ ಸಿಕ್ಕಿಸುವ ಕೊಳವೆ, ಲಾರಿಯೂ ಬೆಚ್ಚಿಬೀಳುವ ಹಾರನ್ನು. ತುಳಿಯುವವಳು ಇವು ಯಾವುದನ್ನೂ ಕೇಳಿರಲಿಲ್ಲ. ಅವನಿಗೆ ಮಾತ್ರ ಒಂದೊಂದು ಸ್ಕ್ರೂ ಬಿಗಿಯುವಾಗಲೂ ಸಂಸಾರ ಉದ್ಧಾರವಾದಂತೆ ಅನಿಸುತ್ತಿತ್ತು.

ಪ್ಯಾಸೇಜಿನಲ್ಲಿ ಸೈಕಲ್ಲಿನ ಎದುರಿನ ಬಾಗಿಲು ಇನ್‌ಸ್ಪೆಕ್ಟರದು. ಪೊಲೀಸ್ ಅಲ್ಲ, ತೂಕ ಮತ್ತು ಅಳತೆ ಇಲಾಖೆಯವರು. ಮೂವತ್ತೊಂದು ವರ್ಷ ಅಂಗಡಿಗಳ ತಕ್ಕಡಿಗೆ ಮುದ್ರೆ ಒತ್ತಿ ನಿವೃತ್ತರಾದವರು. ಸೈಕಲ್ಲು ಬಂದ ದಿನದಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ. "ಹೆಂಡ್ತಿ ತುಳೀತಾಳೆ, ಗಂಡ ರಿಬ್ಬನ್ ಕಟ್ತಾನೆ" ಎಂದು ಅವರು ಬಾಗಿಲು ತೆರೆದಿಟ್ಟುಕೊಂಡೇ ಆಡಿಕೊಳ್ಳುತ್ತಿದ್ದರು. ಇವನು ಬೇಕೆಂದೇ ಅವರ ಬಾಗಿಲ ಮುಂದೆ ಹಾರನ್ನು ಪರೀಕ್ಷೆ ಮಾಡುತ್ತಿದ್ದ. ಅವರು ನಂಬರು ಹಾಕಿ ಓನರಮ್ಮನಿಗೆ ದೂರು ಬರೆದರು. ಏಳನೇ ದೂರಿಗೆ ಓನರಮ್ಮ ಭಾನುವಾರ ಬೆಳಿಗ್ಗೆ ಖುದ್ದಾಗಿ ಬಂದಳು. ಬಾಡಿಗೆ ಕರಾರಿನಲ್ಲಿ ಪ್ಯಾಸೇಜಿನಲ್ಲಿ ಮೂರಡಿ ನಡೆಯುವ ಜಾಗ ಬಿಡಬೇಕೆಂದಿದೆ. ಇದ್ದರೆ ಸೈಕಲ್ಲು ಇರಲಿ, ಇಲ್ಲದಿದ್ದರೆ ಸಂಜೆಯೊಳಗೆ ಆಚೆ, ಎಂದಳು.

ಟೇಪು ಹಿಡಿದಾಗ ಹತ್ತಿಂಚು ಕಮ್ಮಿ. ಸೋಡಾಬುಡ್ಡಿ ಬೆವರಿದ. ಅವನು ಅಳೆದದ್ದು ಬರೀ ಸೈಕಲ್ಲನ್ನು, ಸಿಂಗಾರಕ್ಕೂ ಮೊದಲು. ಎಲ್ಲರ ಎದುರು ಕೂತು ಒಂದೊಂದೇ ಕಳಚಿದ. ಕನ್ನಡಿ ಹೋಯಿತು, ಚೀಲ ಹೋಯಿತು, ಸ್ಟ್ಯಾಂಡು, ಕೊಳವೆ, ಕೊನೆಗೆ ಹಾರನ್ನೂ. ಇನ್‌ಸ್ಪೆಕ್ಟರು ಪ್ರತಿ ಸಲವೂ "ಇನ್ನೂ ಇದೆ, ಬಿಚ್ಚು" ಎನ್ನುತ್ತಿದ್ದರು. ಮೈಬಟ್ಟೆ ಒಂದನ್ನು ಬಿಟ್ಟು ಎಲ್ಲ ಬಿಚ್ಚಿದಂತಾಗಿ ಎದ್ದು ನಿಂತ. ಓನರಮ್ಮ ಅಳೆದಳು. ಮೂವತ್ತೈದು. ಬೇಕಾದದ್ದು ಮೂವತ್ತಾರು. ಗೋಡೆಯ ಕೊಂಡಿ ಸೈಕಲ್ಲನ್ನು ಒಂದೂವರೆ ಇಂಚು ಈಚೆಗೆ ತಳ್ಳಿತ್ತು.

ಕೊಂಡಿ ಕಿತ್ತರೆ ವಿಮೆ ಇಲ್ಲ, ಇಟ್ಟರೆ ಜಾಗ ಇಲ್ಲ. ಹೆಂಡತಿ ಮೆಟ್ಟಿಲ ಮೇಲೆ ನಿಂತಿದ್ದಳು. ನಾಳೆ ಬೆಳಗಿನ ಬಸ್ಸು ಅವಳ ಮುಖದಲ್ಲೇ ಹೊರಟುಹೋಗುವುದು ಅವನಿಗೆ ಕಂಡಿತು. ಆಗ ಅವನ ಕಣ್ಣು ಎದುರು ಗೋಡೆಯ ಮೇಲೆ ಬಿತ್ತು. ಅಲ್ಲಿತ್ತು ಇನ್‌ಸ್ಪೆಕ್ಟರ ಚಪ್ಪಲಿ ಬೀರು.

"ಅಮ್ಮಾ, ಟೇಪನ್ನ ಬೀರುವಿನಿಂದ ಯಾಕೆ ಹಿಡಿದ್ರಿ? ಗೋಡೆಯಿಂದ ಹಿಡೀರಿ."

"ಆ ಬೀರು ನೀನು ಹುಟ್ಟೋಕೆ ಮುಂಚಿನಿಂದ ಇದೆ ಕಣಯ್ಯಾ," ಎಂದರು ಇನ್‌ಸ್ಪೆಕ್ಟರು.

"ಕರಾರಿನಲ್ಲಿ ಅದೂ ಇಲ್ಲವಲ್ಲ ಸಾರ್."

ಓನರಮ್ಮನಿಗೆ ಇಬ್ಬರೂ ಸಾಕಾಗಿದ್ದರು. ಜಾಗ ಸಾಲದಿದ್ದರೆ ಸೈಕಲ್ಲೂ ಬೇಡ, ಬೀರುವೂ ಬೇಡ, ಎರಡೂ ಆಚೆಗೆ ಎಂದು ಕೈ ಒದರಿದಳು. ಇನ್‌ಸ್ಪೆಕ್ಟರು ಬೀರುವಿನ ಕಡೆ ನೋಡಿದರು. ನಂತರ ಅವಳ ಕೈಯಿಂದ ಟೇಪು ತೆಗೆದುಕೊಂಡು, ಮಂಡಿಯೂರಿ, ನಿಧಾನವಾಗಿ ಅಳೆದರು. ಟೇಪಿನ ತುದಿ ಬೀರುವಿನ ಅಂಚನ್ನು ದಾಟಿ ಒಂದಿಂಚು ಒಳಕ್ಕೆ ಜಾರಿದ್ದನ್ನು, ಕೂದಲೆಳೆ ನೋಡಿ ಪಳಗಿದ ಸೋಡಾಬುಡ್ಡಿಯ ಕಣ್ಣು ನೋಡಿತು. ಅವನು ಬಾಯಿ ಬಿಡಲಿಲ್ಲ.

"ಮೂವತ್ತಾರು," ಎಂದರು ಇನ್‌ಸ್ಪೆಕ್ಟರು. ಆ ಮನುಷ್ಯನ ಮಾತನ್ನು ಅಳತೆಯ ವಿಷಯದಲ್ಲಿ ಯಾರೂ ಮರುಪರೀಕ್ಷೆ ಮಾಡುವುದಿಲ್ಲ. ಓನರಮ್ಮ ಹೊರಟುಹೋದಳು. ಇನ್‌ಸ್ಪೆಕ್ಟರು ಏಳುವಾಗ ಬೀರು ಹಿಡಿದುಕೊಂಡು ಎದ್ದರು. ಇವನ ಕಡೆ ನೋಡಿದ ನೋಟದಲ್ಲಿ ಅಲ್ಲಿಯವರೆಗಿನ ಜಗಳವೆಲ್ಲ ಬರೀ ಪೀಠಿಕೆ ಅನಿಸಿತು.

"ಮೂವತ್ತೊಂದು ವರ್ಷ ಒಂದೂ ಸುಳ್ಳು ಮುದ್ರೆ ಒತ್ತಿದವನಲ್ಲ ನಾನು. ಇವತ್ತು ನಿನ್ನಂಥವನಿಂದಾಗಿ ಒತ್ತಿದೆ."

ಮೇಲೆ ಬಂದ ಮೇಲೆ ಹೆಂಡತಿ ಪಾಲಿಸಿ ತೆಗೆದು ಓದಲು ಕೂತಳು. ಹನ್ನೊಂದನೇ ಪುಟಕ್ಕೆ ಬಂದಾಗ ಅದನ್ನು ಅವನ ಮೂಗಿನ ಕೆಳಗೆ ಹಿಡಿದಳು. ಕೊಂಡಿ ಗೋಡೆಗಾದರೂ ಇರಬಹುದು, ನೆಲಕ್ಕಾದರೂ ಇರಬಹುದು. "ಸೊಂಟ ಬಗ್ಗಿಸ್ರೀ ಸ್ವಲ್ಪ," ಎಂದಳು.

ಸಂಜೆಗೆ ಮುಂಚೆ ಅವನು ಗೋಡೆಯ ಕೊಂಡಿ ಕಿತ್ತು, ಪೆಟ್ಟಿಗೆಯ ಕೆಳಗೆ ಬರುವಂತೆ ನೆಲಕ್ಕೆ ಬೇರೆಯದು ಹೂತು ಸೈಕಲ್ಲನ್ನು ಗೋಡೆಗೆ ಅಂಟಿಸಿ ನಿಲ್ಲಿಸಿದ. ಡ್ರಿಲ್ಲಿನ ಸದ್ದಿಗೆ ಇನ್‌ಸ್ಪೆಕ್ಟರು ಹೊರಗೆ ಬಂದರು. ನೆಲ ನೋಡಿದರು, ಗೋಡೆಯ ತೂತು ನೋಡಿದರು. ಒಳಗೆ ಹೋಗಿ ತಮ್ಮದೇ ಟೇಪು ತಂದು, ತುದಿಯನ್ನು ಬೀರುವಿನ ಅಂಚಿಗೆ ಸರಿಯಾಗಿ ಒತ್ತಿ ಅಳೆದರು. ಮೂವತ್ತಾರೂವರೆ.

"ಇದನ್ನ ಬೆಳಿಗ್ಗೆ ಮಾಡೋಕೆ ಏನಾಗಿತ್ತು ನಿನಗೆ?"

ಉತ್ತರ ಕೊಡಬೇಕಾದವನ ಬಾಯಲ್ಲಿ ಎರಡು ಸ್ಕ್ರೂ ಇದ್ದವು. ಇನ್‌ಸ್ಪೆಕ್ಟರು ಒಳಗೆ ಹೋಗಿ ಬಾಗಿಲು ಬಡಿದ ರಭಸಕ್ಕೆ ಬೀರುವಿನಿಂದ ಒಂದು ಚಪ್ಪಲಿ ಕೆಳಗೆ ಬಿತ್ತು. ಅವನು ಅದನ್ನು ಎತ್ತಿಡಲಿಲ್ಲ.

ಸೋಮವಾರ ಹೆಂಡತಿ ಏಳಕ್ಕೆ ಐದು ನಿಮಿಷ ಇರುವಾಗಲೇ ಲಾಂಡ್ರಿಯಲ್ಲಿದ್ದಳು. ಕಳಚಿದ ಸಾಮಾನೆಲ್ಲ ಮಂಚದ ಕೆಳಗಿನ ಗೋಣಿಚೀಲದಲ್ಲಿದೆ. ಹಾರನ್ನನ್ನು ಮಾತ್ರ ಅವಳು ಚೀಲದಲ್ಲೂ ಇಡಗೊಡದೆ ಗುಜರಿಯವನಿಗೆ ಕೊಟ್ಟಳು.