ಎಲೆ ಅಡಿಕೆ ಈಸಿಕೊಳ್ಳದ ಮನೆ

ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಎಂಬ ಪೋಷಕರ ಸಮಿತಿಗೆ ಅಧ್ಯಕ್ಷೆ ನನ್ನ ಓರಗಿತ್ತಿ. ಗಂಡನ ಅಣ್ಣನ ಹೆಂಡತಿಯಾದರೂ ನನಗೆ ಬಾಯ್ತುಂಬ ಅಕ್ಕ. ಅನುಗೊಂಡನಹಳ್ಳಿ ಕಡೆಯ ನಮ್ಮೂರಿನಲ್ಲಿ ಬೆಳಗಾದರೆ ಖಾಸಗಿ ಶಾಲೆಗಳ ಹಳದಿ ವ್ಯಾನುಗಳದೇ ದರ್ಬಾರು. ಹೀಗೇ ಬಿಟ್ಟರೆ ನಮ್ಮ ಶಾಲೆಗೆ ಬೀಗ ಬೀಳುತ್ತದೆಂದು ಮೊದಲು ಎದ್ದು ನಿಂತವಳು ಅಕ್ಕನೇ. ಪೋಷಕರನ್ನೆಲ್ಲ ಕೂರಿಸಿ ಶಾಲೆಯ ಅಭಿವೃದ್ಧಿ ಯೋಜನೆ ಮಾಡಿಸಿದಳು. ಅದರಲ್ಲಿ ಮುಖ್ಯವಾದದ್ದು, ಜೂನ್‌ನಿಂದ ಒಂದನೇ ತರಗತಿಗೆ ಇಂಗ್ಲಿಷ್ ಮೀಡಿಯಂ. ಸಾಕಷ್ಟು ಮಕ್ಕಳು ಸೇರಿದರೆ ಮಾತ್ರ ಆಗುತ್ತದೆ ಎಂದರು ಹೆಡ್‌ಮೇಷ್ಟ್ರು.

"ಬರಿಗೈಲಿ ಮಕ್ಕಳನ್ನ ಕೇಳಿದ್ರೆ ಯಾರು ಕೊಡ್ತಾರೆ? ಹೆಣ್ಣು ಕೇಳಕ್ಕೆ ಹೋದಂಗೆ ಹೋಗೋಣ" ಎಂದಳು ಅಕ್ಕ. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಮನೆಮನೆಗೆ ಹೊರಟೆವು. ಎಲೆ ಅಡಿಕೆ ಈಸಿಕೊಂಡರೆ ನಮ್ಮಲ್ಲಿ ಮಾತು ಕೊಟ್ಟಂತೆ, ಆಮೇಲೆ ಹಿಂದೆ ಸರಿಯುವಂತಿಲ್ಲ. ಮೊದಲು ಈಸಿಕೊಂಡವಳು ನಾನು. ಹೊಸಕೋಟೆಯ ಖಾಸಗಿ ಶಾಲೆಯಲ್ಲಿ ಮಗಳಿಗೆಂದು ಹಿಡಿದಿದ್ದ ಸೀಟನ್ನು ಮಾರನೆಯ ದಿನವೇ ಬಿಟ್ಟುಕೊಟ್ಟೆ. ಗಂಡ ಮುಖ ಗಂಟಿಕ್ಕಿಕೊಂಡರು. ನಾನು ಕ್ಯಾರೆ ಅನ್ನಲಿಲ್ಲ.

ಅಕ್ಕನ ಮಗಳು ಆಗಲೇ ನಮ್ಮ ಶಾಲೆಯಲ್ಲಿ ನಾಲ್ಕನೇ ತರಗತಿ. ಮಗ ಒಂದನೆಯದಕ್ಕೆ ಸೇರಬೇಕಾದವನು. ಆದರೂ ಆ ಮನೆಗೆ ಮಾತ್ರ ತಟ್ಟೆ ಹೋಗಲಿಲ್ಲ. ತಟ್ಟೆ ಹಿಡಿದವಳನ್ನೇ ಕೇಳುವುದೇನು ಅಂದುಕೊಂಡೆವು. ಎಂಥ ಪೆದ್ದರು ನಾವು!

ಶಾಲೆ ಶುರುವಾದ ದಿನ ಮಗಳ ಕೈ ಹಿಡಿದು ಹೊರಟರೆ, ಅಕ್ಕನ ಬಾಗಿಲಲ್ಲಿ ಹಳದಿ ವ್ಯಾನು ನಿಂತಿತ್ತು. ಟೈ ಕಟ್ಟಿಕೊಂಡ ಅವಳ ಮಗ ಒಳಗೆ ಕೂತಿದ್ದ. ತಮ್ಮನ ನೀರಿನ ಬಾಟಲಿಯನ್ನು ಕಿಟಕಿಯಲ್ಲಿ ಕೊಟ್ಟು, ಅಕ್ಕನ ಮಗಳು ನಮ್ಮ ಪಕ್ಕ ಬಂದು ನಿಂತಳು.

"ಏನಕ್ಕ ಇದು?" ಅಂದೆ.

"ಗಂಡು ಹುಡ್ಗ ಕಣೇ, ಅವನ ಮುಂದಿನ್ದು ನೋಡ್ಬೇಕಲ್ಲ. ಮಗಳು ಇಲ್ಲೇ ಓದ್ತಾಳೆ ಬಿಡು."

"ಊರೋರ ಹತ್ರ ಎಲ್ಲಾ ಮಾತು ತಗೊಂಡ್ಯಲ್ಲ!"

"ನಾನೇನು ಯಾರ ಕೈಲಾದ್ರೂ ಎಲೆ ಅಡಿಕೆ ಈಸ್ಕೊಂಡಿದ್ನಾ?"

ಹೊರಗಿನವರಾಗಿದ್ದರೆ ನಾಲ್ಕು ಬೈದು ಮರೆಯುತ್ತಿದ್ದೆ. ನನ್ನ ಬಾಣಂತನ ಮಾಡಿದ ಕೈ ಅದು. ಅವಳು ತನ್ನ ಮಗಳನ್ನು ನಮ್ಮ ಶಾಲೆಯಲ್ಲೇ ಉಳಿಸಿದ್ದೂ ಶಾಲೆಯ ಮೇಲಿನ ಪ್ರೀತಿಗಲ್ಲ. ಮಗು ಅಲ್ಲಿ ಓದುತ್ತಿದ್ದರೆ ಮಾತ್ರ ತಾಯಿಗೆ ಎಸ್‌ಡಿಎಂಸಿಯಲ್ಲಿ ಜಾಗ.

ಅಧ್ಯಕ್ಷೆಯ ಮಗನೇ ವ್ಯಾನು ಹತ್ತಿದ ಮೇಲೆ ಉಳಿದವರನ್ನು ತಡೆಯುವ ಬಾಯಿ ಯಾರಿಗಿತ್ತು? ಒಬ್ಬೊಬ್ಬರೇ ಮಾತು ಮುರಿದರು. ಇಂಗ್ಲಿಷ್ ತರಗತಿ ತೆರೆಯಲೇ ಇಲ್ಲ. ಹೊಸಕೋಟೆಯ ಸೀಟು ಅಷ್ಟರಲ್ಲಿ ಯಾರದೋ ಪಾಲಾಗಿತ್ತು.

ಈ ವರ್ಷ ಮತ್ತೆ ಯೋಜನೆಯ ಸಭೆ ಸೇರಿತು. ಅದೇ ಕುರ್ಚಿಯಲ್ಲಿ ಕೂತು ಅಕ್ಕ, "ಈ ಸಲಾನೂ ಮನೆಮನೆಗೆ ಹೋಗೋಣ" ಎಂದಳು. ಎಲೆ ಅಡಿಕೆ ತಟ್ಟೆಯನ್ನು ನಾನೇ ಎತ್ತಿ ಎಲ್ಲರ ಎದುರಿಗೇ ಅವಳ ಮುಂದೆ ಹಿಡಿದೆ.

"ಮೊದ್ಲು ನಿನ್ನ ಮಗನ್ನ ಕೇಳ್ತಾ ಇದೀವಿ. ಈಸ್ಕೊ ಅಕ್ಕ."

ಅವಳು ಸೆರಗು ಸರಿಮಾಡಿಕೊಂಡು, ಹೆಡ್‌ಮೇಷ್ಟ್ರ ಕಡೆ ನೋಡಿದಳು. ಕೈ ಮುಂದೆ ಬರಲಿಲ್ಲ.